ಒಂದು ಚೀಟಿಗೆ ಒಂದೇ ತೊಂದರೆ

ಆ ಆಸ್ಪತ್ರೆಯಲ್ಲಿ ಡಾಕ್ಟರುಗಳು ಇಪ್ಪತ್ತು ಜನ ಇದ್ದರು. ಆದರೆ ಯಾರು ಯಾವ ಡಾಕ್ಟರ ಮುಂದೆ ಹೋಗಿ ಕೂರಬೇಕು ಎಂದು ತೀರ್ಮಾನಿಸುತ್ತಿದ್ದವಳು ಒಬ್ಬಳೇ. ಮೆಟ್ಟಿಲ ಕೆಳಗಿನ ಗಾಜಿನ ಕೌಂಟರಿನಲ್ಲಿ ಕೂರುತ್ತಿದ್ದ ಅವಳನ್ನು ಎಲ್ಲರೂ ಚೀಟಿಯಮ್ಮ ಎನ್ನುತ್ತಿದ್ದರು. ಬಂದವರು ಗಾಜಿಗೆ ಹಣೆಯಾನಿಸಿ, ಅದರ ತೂತಿಗೆ ಬಾಯಿಟ್ಟು ತೊಂದರೆ ಹೇಳುತ್ತಿದ್ದರು. ಅವಳು ಕೋಣೆಯ ನಂಬರು ಬರೆದು ಚೀಟಿ ಹರಿದುಕೊಡುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಇದರಲ್ಲೇನು ಮಹಾ ಎಂದು ಮೂಗು ಮುರಿಯುವವರು ಒಂದೇ ಒಂದು ದಿನ ಆ ಕುರ್ಚಿಯಲ್ಲಿ ಕೂತು ನೋಡಲಿ.

ಎದೆಯ ಮೇಲೆ ಕೈಯಿಟ್ಟುಕೊಂಡು ಬರುವವರು ದಿನಕ್ಕೆ ಐವತ್ತು ಜನ. ಎದೆ ಬಡಿದುಕೊಂಡರೆ ಮೂರನೇ ಕೋಣೆ, ಹೃದಯದ ಡಾಕ್ಟರು. ಉರಿದರೆ ಏಳು, ಹೊಟ್ಟೆಯವರು. ಉಸಿರೆಳೆದಾಗ ಚುಚ್ಚಿದರೆ ಐದು, ಶ್ವಾಸಕೋಶದವರು. ಬಿದ್ದು ಮೂಳೆ ಮುರಿದುಕೊಂಡವರು ಹತ್ತಕ್ಕೆ ಹೋಗಬೇಕು. ಬೆಳಿಗ್ಗೆ ಏಳುವಾಗ ಬೆರಳಿನ ಕೀಲು ಊದಿ ಬಿಗಿಯುತ್ತದೆ ಎಂದರೆ ಹತ್ತಲ್ಲ, ಹದಿನಾಲ್ಕು. ಕಿಡ್ನಿಯಲ್ಲಿ ಕಲ್ಲಿದ್ದರೆ ಕತ್ತರಿ ಹಿಡಿಯುವ ಡಾಕ್ಟರು, ಕಿಡ್ನಿಯೇ ಕೆಲಸ ನಿಲ್ಲಿಸಿದರೆ ಮಾತ್ರೆ ಬರೆಯುವ ಡಾಕ್ಟರು. ತಲೆ ಸುತ್ತು ಎಂದವರನ್ನಂತೂ ಅವಳು ಸುಮ್ಮನೆ ಬಿಡುತ್ತಿರಲಿಲ್ಲ. "ಕೋಣೆ ಗಿರ್ ಅಂತ ತಿರುಗುತ್ತಾ, ಇಲ್ಲಾ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಾ?" ಕೋಣೆ ತಿರುಗಿದರೆ ಕಿವಿಯ ಡಾಕ್ಟರು, ಕತ್ತಲೆ ಬಂದರೆ ಹೃದಯದವರು. ತಲೆಸುತ್ತಿಗೆ ಕಿವಿ ಯಾಕೆ ತೋರಿಸಬೇಕು ಎಂದು ಜಗಳಕ್ಕೆ ಬಂದವರೇ ವಾಸಿಯಾದ ಮೇಲೆ ಬಂದು ಹಲ್ಲುಬಿಟ್ಟು ನಿಂತಿದ್ದುಂಟು.

ನೆಗಡಿ, ಜ್ವರದವರನ್ನು ಬಿಟ್ಟರೆ ಒಂದನೇ ಕೋಣೆಗೆ ಮಾತ್ರ ಅವಳು ಯಾರನ್ನೂ ಕಳಿಸುತ್ತಿರಲಿಲ್ಲ. ಅದು ಅವಳ ಕೌಂಟರಿನ ಎದುರಿಗೇ ಇತ್ತು, ಹತ್ತು ಹೆಜ್ಜೆ. ಅಲ್ಲಿದ್ದವರು ಮುದಿ ಡಾಕ್ಟರು. ಇಂಥದ್ದೇ ಅಂಗ ಎಂದಿಲ್ಲದೆ ಎಲ್ಲವನ್ನೂ ನೋಡುವವರು. ಒಳಗೆ ಹೋದವರು ಅರ್ಧ ಗಂಟೆಯಾದರೂ ಹೊರಗೆ ಬರುತ್ತಿರಲಿಲ್ಲ. ನಿಮ್ಮ ಅಜ್ಜಿಗೆ ಏನು ಕಾಯಿಲೆಯಿತ್ತು, ಬಟ್ಟೆ ಸಡಿಲವಾಗಿದೆಯಾ, ಏನು ತಿನ್ನಬೇಕು ಅನ್ನಿಸುತ್ತದೆ ಎಂದೆಲ್ಲ ಕೇಳುತ್ತಾ ಕೂರುತ್ತಿದ್ದರು. "ಎಲ್ಲದಕ್ಕೂ ಆಗ್ತಾರೆ ಅಂದ್ರೆ ಯಾವುದಕ್ಕೂ ಆಗಲ್ಲ ಅಂತ ಅರ್ಥ" ಎನ್ನುವುದು ಚೀಟಿಯಮ್ಮನ ತೀರ್ಪು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವಳು ಅವಳು.

ಅವಳದೇ ಒಂದು ಕಾನೂನೂ ಇತ್ತು. ಜನ ತೊಂದರೆ ಹೇಳಿಕೊಳ್ಳುವುದೆಂದರೆ ಅಂಗಡಿಯಿಂದ ತಂದ ಚೀಲವನ್ನು ನೆಲದ ಮೇಲೆ ಸುರಿದ ಹಾಗೆ. ಬೆನ್ನುನೋವಿನಿಂದ ಶುರುಮಾಡಿ, ಕಣ್ಣಿಗೆ ಬಂದು, ಸೊಸೆಯ ಮೇಲೆ ಮುಗಿಸುತ್ತಾರೆ. ಹಿಂದೆ ನೂರು ಜನ ಕಾಲು ಬದಲಿಸುತ್ತಾ ನಿಂತಿರುತ್ತಾರೆ. "ಯಾವುದು ಜಾಸ್ತಿ ಕಾಡ್ತಿದೆ, ಅದೊಂದು ಹೇಳಿ. ಮಿಕ್ಕಿದ್ದಕ್ಕೆ ನಾಳೆ ಬನ್ನಿ" ಎಂದು ಅವಳು ಕತ್ತರಿಸಿಬಿಡುತ್ತಿದ್ದಳು. "ಒಂದು ಚೀಟಿಗೆ ಒಂದೇ ತೊಂದರೆ" ಎಂದು ದಪ್ಪಕ್ಷರದಲ್ಲಿ ಬರೆದು ಗಾಜಿಗೆ ಅಂಟಿಸಿಯೂ ಇದ್ದಳು. ಕ್ಯೂ ಬೇಗ ಕರಗುತ್ತಿತ್ತು, ಮೇಲಿನವರು ಬೆನ್ನು ತಟ್ಟಿದ್ದರು. ಇಷ್ಟು ವರ್ಷದಲ್ಲಿ ಒಬ್ಬರನ್ನೂ ತಪ್ಪು ಕೋಣೆಗೆ ಕಳಿಸಿಲ್ಲ ಎಂದು ಅವಳು ಎದೆ ತಟ್ಟಿಕೊಂಡು ಹೇಳುತ್ತಿದ್ದಳು, ಅದು ಸುಳ್ಳೂ ಆಗಿರಲಿಲ್ಲ.

ಮನೆಯಲ್ಲಿದ್ದದ್ದು ಅವಳೂ ತಂಗಿಯೂ ಇಬ್ಬರೇ. ತಂಗಿ ಕಿಟಕಿಯ ಪಕ್ಕ ಮೆಷಿನ್ ಹಾಕಿಕೊಂಡು ಆಸ್ಪತ್ರೆಯ ದಿಂಬಿನ ಚೀಲಗಳನ್ನು ಹೊಲಿಯುತ್ತಿದ್ದಳು. "ನೀನು ಕಾಯಿಲೆಯವರನ್ನ ಸಾಲಾಗಿ ಕಳಿಸು, ಅವರ ತಲೆ ಕೆಳಗೆ ನಾನು ದಿಂಬು ಕೊಡ್ತೀನಿ. ಇಬ್ಬರಿಗೂ ಕೆಲಸ ತಪ್ಪಲ್ಲ" ಎಂದು ನಗಾಡುವ ಹುಡುಗಾಟದ ಹೆಂಗಸು. ಆ ನಗು ಮೂರು ತಿಂಗಳಿಂದ ಸೊರಗಿತ್ತು. ಹೊಟ್ಟೆ ತೊಳಸುತ್ತದೆ ಎಂದಳು, ಅಕ್ಕ ಏಳಕ್ಕೆ ಚೀಟಿ ಬರೆದಳು. ಕೈಕಾಲಲ್ಲಿ ಬಲವಿಲ್ಲ ಎಂದಳು, ನರದ ಡಾಕ್ಟರ ಒಂಬತ್ತಕ್ಕೆ ಬರೆದಳು. ಅವರು ಸೂಜಿ ಚುಚ್ಚಿ, ಸುತ್ತಿಗೆಯಲ್ಲಿ ಮಂಡಿಗೆ ತಟ್ಟಿ ನೋಡಿ, ಏನೂ ಇಲ್ಲ, ಮನಸ್ಸಿಗೆ ಬೇಸರವಿರಬೇಕು ಎಂದರು. ಬರುವ ಸೋಮವಾರಕ್ಕೆ ಮನೋರೋಗದ ಹನ್ನೊಂದನೇ ಕೋಣೆಗೆ ಚೀಟಿ ಬರೆದಾಗಿತ್ತು. ಅಕ್ಕನಿಗೆ ಒಳಗೊಳಗೇ ಭಯ. ಈ ತಂಗಿಯೊಬ್ಬಳನ್ನು ಬಿಟ್ಟರೆ ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ.

"ನಾನು ಕಪ್ಪಾಗ್ತಿದ್ದೀನಾ ಅಕ್ಕ?" ಎಂದು ಒಮ್ಮೆ ತಂಗಿ ಕೇಳಿದ್ದಳು.

"ಕಿಟಕಿ ಪಕ್ಕ ಕೂತು ಹೊಲಿದ್ರೆ ಬೆಳ್ಳಗಾಗ್ತಾರಾ?" ಎಂದು ಅಕ್ಕ ಮಾತು ಮುಗಿಸಿದ್ದಳು. ಅಡುಗೆಮನೆಯ ಉಪ್ಪಿನ ಡಬ್ಬಿ ಮೆಷಿನ್ನಿನ ಮೇಲೆ ಯಾಕೆ ಬಂತು ಎಂದು ಗದರಿದ್ದೂ ಉಂಟು. ತಂಗಿ ಚಿಟಿಕೆ ಉಪ್ಪನ್ನು ನಾಲಿಗೆಯ ಮೇಲಿಟ್ಟುಕೊಂಡು, "ಉಪ್ಪು ತಿಂದವರು ನೀರು ಕುಡೀಲೇಬೇಕು ಅಂತಾರಲ್ಲ, ಕುಡಿದ್ರಾಯ್ತು ಬಿಡು" ಎಂದಿದ್ದಳು.

ತಂಗಿ ಹನ್ನೊಂದಕ್ಕೆ ಹೋಗಬೇಕಿದ್ದ ದಿನಕ್ಕೆ ಒಂದು ವಾರ ಮೊದಲು, ಸೋಮವಾರ ಮಧ್ಯಾಹ್ನ, ಶಟರ್ ಎಳೆಯಲು ಇನ್ನು ಕಾಲು ಗಂಟೆಯಿದೆ ಎನ್ನುವಾಗ, ಕ್ಯೂ ಪೂರ್ತಿ ಖಾಲಿಯಾಗಿ ಫ್ಯಾನಿನ ಸದ್ದು ಮಾತ್ರ ಉಳಿದಿದ್ದಾಗ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು, ಹೆಗಲಲ್ಲಿ ಕಂದು ಬಟ್ಟೆಯ ಚೀಲ. ಎಲ್ಲರ ಹಾಗೆ ಅವಳೂ ಗಾಜಿಗೆ ಹಣೆಯಾನಿಸಿದಳು. ಮಾತು ಮಾತ್ರ ತೂತಿನಿಂದ ಬಂದ ಹಾಗಿರಲಿಲ್ಲ, ಪಕ್ಕದಲ್ಲೇ ಕೂತು ಹೇಳಿದ ಹಾಗಿತ್ತು.

"ಮೈ ಕಪ್ಪಾಗ್ತಿದೆ. ಬಿಸಿಲಿಗೇ ಹೋಗಲ್ಲ ನಾನು."

"ಎಂಟನೇ ಕೋಣೆ, ಚರ್ಮದ ಡಾಕ್ಟರು, ಮೊದಲನೇ ಮಹಡಿ."

ಹೆಂಗಸು ಚೀಟಿಗೆ ಕೈಚಾಚಿದಳು. ಅಂಗೈಯ ಗೆರೆಗಳು ಶಾಯಿಯಲ್ಲಿ ತಿದ್ದಿದಷ್ಟು ಕಪ್ಪಗಿದ್ದವು. "ಬೋರ್ಡ್ ಓದ್ಕೊಂಡೇ ಬಂದೆ. ಒಂದೇ ಹೇಳಿದ್ದೀನಿ" ಎಂದು ಮೆಟ್ಟಿಲ ಕಡೆ ಹೋದಳು. ಇಂಥವರು ದಿನಕ್ಕೆ ಹತ್ತು ಜನ ಬಂದರೆ ಸ್ವರ್ಗ ಎಂದುಕೊಂಡಳು ಚೀಟಿಯಮ್ಮ. ಆಮೇಲೆ ಬಟ್ಟೆ ಹಿಡಿದು ಗಾಜಿನ ಮೇಲಿನ ಹಣೆಯ ಜಿಡ್ಡನ್ನೆಲ್ಲ ಒರೆಸತೊಡಗಿದಳು, ಅದು ದಿನದ ಕೆಲಸ. ಹೆಂಗಸು ಹಣೆಯಿಟ್ಟಿದ್ದ ಕಡೆ ಒರೆಸಲು ಏನೂ ಇರಲಿಲ್ಲ.

ಮಂಗಳವಾರ ಅದೇ ಹೊತ್ತಿಗೆ ಬಂದಳು. "ಹೊಟ್ಟೆನೋವು, ತಿಂದಿದ್ದೆಲ್ಲ ವಾಂತಿ." ಏಳು. ಬುಧವಾರ ಬಂದಳು. "ಎದ್ದು ನಿಂತ್ರೆ ಕಣ್ಣು ಕತ್ತಲೆ ಬರುತ್ತೆ." ಚೀಟಿಯಮ್ಮ ಬಾಯಿ ತೆರೆಯುವ ಮೊದಲೇ, "ಕೋಣೆ ತಿರುಗಲ್ಲ" ಎಂದಳು. ಮೂರು. ಚೀಟಿ ಕೊಟ್ಟ ಮೇಲೆ ಚೀಟಿಯಮ್ಮನಿಗೆ ಏನೋ ಕಸಿವಿಸಿಯಾಯಿತು. ಆ ಪ್ರಶ್ನೆಯನ್ನು ಈ ಹೆಂಗಸಿಗೆ ತಾನು ಯಾವತ್ತು ಕೇಳಿದ್ದೆ?

ಚೀಟಿ ಪುಸ್ತಕದಲ್ಲಿ ಪ್ರತಿ ಹಾಳೆಯ ಕೆಳಗೆ ಕಾರ್ಬನ್ನಿಟ್ಟು ನಕಲು ತೆಗೆಯುವ ಪದ್ಧತಿ. ಅವಳು ಆ ಮೂರೂ ದಿನದ ನಕಲುಗಳನ್ನು ತಿರುವಿದಳು. ಪ್ರತಿ ದಿನದ ಕೊನೆಯ ಹಾಳೆ ಖಾಲಿ. ಬೆರಳಾಡಿಸಿದರೆ ಪೆನ್ನು ಒತ್ತಿದ ತಗ್ಗು ಸಿಗುತ್ತಿತ್ತು, ಅಕ್ಷರ ಮಾತ್ರ ಮೂಡಿರಲಿಲ್ಲ. ಕಾರ್ಬನ್ ಹಳತಾಗಿದೆ ಎಂದು ಬೈದುಕೊಂಡು ಹೊಸದು ಹಾಕಿದಳು. ಗುರುವಾರ ಹೆಂಗಸು, "ಕೈಕಾಲಲ್ಲಿ ಬಲ ಇಲ್ಲ" ಎಂದಳು. ಒಂಬತ್ತು ಎಂದು ಬರೆದು, ಅವಳು ಮೆಟ್ಟಿಲ ತಿರುವಿನಲ್ಲಿ ಮರೆಯಾದದ್ದೇ ನಕಲು ನೋಡಿದಳು. ಅದಕ್ಕೆ ಹಿಂದಿನ ನಕಲುಗಳೆಲ್ಲ ನೀಲಿಯಾಗಿ ಫಳಫಳ ಹೊಳೆಯುತ್ತಿದ್ದವು. ಇದೊಂದು ಖಾಲಿ.

ಕೋಣೆಗಳ ಮುಂದೆ ನಂಬರು ಕೂಗುವವನು ಕೂಗಪ್ಪ. ಮೂರು ಮಹಡಿಗೂ ಒಂದೇ ಗಂಟಲು ಸಾಕು ಎನ್ನುವಂಥ ಗಂಟಲು ಅವನದು. ಅವನನ್ನು ಕರೆದು ಕೇಳಿದಳು. "ನಾಲ್ಕು ದಿನದಿಂದ ಒಂದು ಗಂಟೆ ಹೊತ್ತಿಗೆ ಒಬ್ಬಳು ಮೇಲೆ ಬರ್ತಾಳಲ್ಲ, ಕಂದು ಚೀಲದವಳು. ಡಾಕ್ಟರು ಏನಂತಾರೆ?"

"ಆ ಹೊತ್ತಿಗೆ ಯಾರೂ ಬರಲ್ವಲ್ಲಮ್ಮಾ. ನಾನು ಊಟದ ಡಬ್ಬಿ ಬಿಚ್ಚೋದೇ ಆಗ."

"ಅಂಗೈ ಗೆರೆ ಕಪ್ಪಗಿದೆ ನೋಡು, ಆ ಹೆಂಗಸು."

ಕೂಗಪ್ಪನ ಮುಖ ಸಪ್ಪಗಾಯಿತು. ಊಟದ ಹೊತ್ತಾಯಿತು ಎಂದು ಗೊಣಗಿ ಮೆಟ್ಟಿಲ ಕಡೆ ಹೊರಟುಹೋದ.

ಶುಕ್ರವಾರ ಚೀಟಿಯಮ್ಮ ಇಪ್ಪತ್ತು ನಿಮಿಷ ಮೊದಲೇ ಶಟರ್ ಎಳೆಯಲು ಕೈಯಿಟ್ಟಳು. ಹೆಂಗಸು ಆಗಲೇ ಗಾಜಿಗೆ ಹಣೆಯಾನಿಸಿ ನಿಂತಿದ್ದಳು. "ಯಾವುದರ ಮೇಲೂ ಮನಸ್ಸಿಲ್ಲ. ಎಲ್ಲಾ ಡಾಕ್ಟರೂ ಏನೂ ಇಲ್ಲ ಅಂದ್ರು." ಚೀಟಿಯಮ್ಮ ತಲೆಯೆತ್ತದೆ ಹನ್ನೊಂದು ಎಂದು ಬರೆದು ತಳ್ಳಿದಳು.

"ಇನ್ನೊಂದು ಇತ್ತು" ಎಂದಳು ಹೆಂಗಸು. "ಸಣ್ಣದು."

ಹೆದರಿಕೆಗೂ ಇಪ್ಪತ್ತೆರಡು ವರ್ಷದ ಅಭ್ಯಾಸಕ್ಕೂ ಸೇರಿ ಮಾತು ತಾನಾಗಿ ಬಾಯಿಂದ ಬಿತ್ತು. "ಒಂದು ಚೀಟಿಗೆ ಒಂದೇ ತೊಂದರೆ. ನಾಳೆ ಬನ್ನಿ."

"ಅವತ್ತೂ ಹಾಗೇ ಅಂದ್ರಿ" ಎಂದಳು ಹೆಂಗಸು. ಕೋಪವೇನೂ ಇರಲಿಲ್ಲ ಆ ಮಾತಿನಲ್ಲಿ. "ನಾಳೆ ಬರೋಕೆ ಆಗಲಿಲ್ಲ."

ಅವಳು ಮೆಟ್ಟಿಲು ಹತ್ತಿದಳು. ಚೀಟಿಯಮ್ಮನೂ ಹಿಂದೆಯೇ ಎದ್ದು, ಕಂಬಿ ಹಿಡಿದುಕೊಂಡು ಏದುಸಿರು ಬಿಡುತ್ತಾ ಮೂರನೇ ಮಹಡಿಗೆ ಬಂದಳು. ಕಾರಿಡಾರಿನ ತುದಿಯಲ್ಲಿ ಹನ್ನೊಂದನೇ ಕೋಣೆ, ಅದರ ಮುಂದೆ ಖಾಲಿ ಬೆಂಚು. ಕೂಗಪ್ಪ ಎದುರಿನ ಗೋಡೆಗೆ ಒರಗಿ ಡಬ್ಬಿಯಿಂದ ಊಟ ಮಾಡುತ್ತಿದ್ದ. ಅವಳನ್ನು ನೋಡಿದ್ದೇ ತುತ್ತು ಕೆಳಗಿಟ್ಟ.

"ಕೂತ್ಕೊಳಿ" ಎಂದ. ಅವಳು ಆ ಬೆಂಚಿನ ಮೇಲೆ ಕೂರಲು ಹೋದಾಗ, "ಅಲ್ಲಿ ಬೇಡ" ಎಂದು ತನ್ನ ಸ್ಟೂಲು ಕೊಟ್ಟ. "ಒಂಬತ್ತು ವರ್ಷದ ಹಿಂದೆ, ಇದೇ ಬೆಂಚು. ಅವಳ ನಂಬರು ಮೂರು ಸಲ ಕೂಗಿದೆ. ನಿದ್ದೆ ಬಂದಿದೆ ಅಂತ ಭುಜ ಮುಟ್ಟಿದೆ. ಹೋಗಿಬಿಟ್ಟಿದ್ಲು. ಕೈಲಿ ಹನ್ನೊಂದರ ಚೀಟಿ. ಚೀಲದಲ್ಲಿ ಇನ್ನೂ ನಾಲ್ಕು. ಎಂಟು, ಏಳು, ಮೂರು, ಒಂಬತ್ತು."

"ಎಲ್ಲಾ ನನ್ನ ಕೈಬರಹ."

"ಹೂಂ. ಅವತ್ತು ನೀವು ಊಟಕ್ಕೆ ಹೋಗಿದ್ರಿ. ಯಾರೋ ಬೆಂಚಿನ ಮೇಲೆ ತೀರಿಕೊಂಡರಂತೆ ಅಂತ ನೀವೇ ನನ್ನ ಹತ್ತಿರ ಬಂದು ಹೇಳಿದ್ರಿ. ಹೇಳಿ ಏನು ಮಾಡೋದು ಅಂತ ನಾನೂ ಸುಮ್ಮನಾದೆ. ನೀವು ತಪ್ಪು ಕೋಣೆಗೇನೂ ಕಳಿಸಿರಲಿಲ್ವಲ್ಲ."

ನಿಜ, ಕಳಿಸಿರಲಿಲ್ಲ. ಹೊಟ್ಟೆಗೆ ಹೊಟ್ಟೆಯವರು, ಚರ್ಮಕ್ಕೆ ಚರ್ಮದವರು. ಅವಳ ಕಣ್ಣಲ್ಲಿ ನೀರು ನಿಂತಿತು. ದಿನಕ್ಕೆ ಐನೂರು ಮುಖ ನೋಡುವ ಕಣ್ಣಿಗೆ ಐದು ದಿನ ಬಂದ ಒಂದು ಮುಖ ನೆನಪಿರಲಿಲ್ಲ. ಆ ಸಂಜೆ ಅವಳು ಮನೆಗೆ ಹೋಗಿ, ತಂಗಿಯ ಎದುರೇ ಕೂತು, ಸತ್ತ ಹೆಂಗಸಿನ ಬಗ್ಗೆಯೇ ಯೋಚಿಸುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ.

ಶನಿವಾರ ಬೆಳಿಗ್ಗೆ ತಂಗಿ ಹಾಸಿಗೆಯಿಂದ ಏಳಲಿಲ್ಲ. "ಎದ್ರೆ ಕಣ್ಣು ಕತ್ತಲೆ ಬರುತ್ತೆ. ನೀನು ಹೋಗು, ಸುಸ್ತು ಅಷ್ಟೇ. ಸೋಮವಾರ ನಿನ್ನ ಹನ್ನೊಂದರವರು ನನ್ನ ತಲೆ ರಿಪೇರಿ ಮಾಡ್ತಾರಲ್ಲ" ಎಂದಳು. ಚೀಟಿಯಮ್ಮ ಹೋದಳು. ಒಲ್ಲದ ಮನಸ್ಸಿನಿಂದಲೇ ಚೀಟಿ ಬರೆದಳು. ಗಡಿಯಾರದ ಮುಳ್ಳು ಒಂದಕ್ಕೆ ಹತ್ತಿರವಾದ ಹಾಗೆ ಅವಳು ಮತ್ತೆ ಮತ್ತೆ ಕ್ಯೂವಿನ ತುದಿಯ ಕಡೆ ನೋಡತೊಡಗಿದಳು. ಕೊನೆಯವನು ಚೀಟಿ ತೆಗೆದುಕೊಂಡು ಪಕ್ಕಕ್ಕೆ ಸರಿದ. ಅವನ ಹಿಂದೆ ಅವಳು ನಿಂತಿದ್ದಳು.

"ಅವತ್ತು ಉಳಿದಿದ್ದು ಹೇಳ್ತೀನಿ" ಎಂದಳು. "ಉಪ್ಪು ತಿನ್ನಬೇಕು ಅನ್ನಿಸುತ್ತೆ. ಬರೀ ಉಪ್ಪು, ಹಿಡಿಹಿಡಿಯಾಗಿ. ಉಪ್ಪಿಗೆ ಯಾವ ಕೋಣೆ?"

ಪೆನ್ನು ಹಾಳೆಯ ಮೇಲೇ ನಿಂತುಬಿಟ್ಟಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಂದು ತೊಂದರೆಗೆ ಅವಳ ಬಾಯಲ್ಲಿ ನಂಬರಿರಲಿಲ್ಲ. ಗಾಜಿನಾಚೆ ಹೆಂಗಸು ಅಂಗೈ ಬಿಚ್ಚಿ ಹಿಡಿದಿದ್ದಳು. ಕಪ್ಪು ಗೆರೆಗಳು. ಅಂಥದ್ದೇ ಗೆರೆಗಳ ಇನ್ನೊಂದು ಕೈ, ಮೆಷಿನ್ನಿನ ಮೇಲಿನ ಡಬ್ಬಿಯಿಂದ ಚಿಟಿಕೆ ಉಪ್ಪು ತೆಗೆಯುವ ಕೈ, ಅವಳಿಗೆ ನೆನಪಾಯಿತು. ಹೊಟ್ಟೆ, ಬಲವಿಲ್ಲದ ಕೈಕಾಲು, ಬೆಳಿಗ್ಗೆಯ ಕಣ್ಣು ಕತ್ತಲೆ, "ನಾನು ಕಪ್ಪಾಗ್ತಿದ್ದೀನಾ ಅಕ್ಕ", ಸೋಮವಾರದ ಹನ್ನೊಂದು.

ಶಟರ್ ಎಳೆಯದೆ, ಪೆನ್ನಿನ ಮುಚ್ಚಳ ಹಾಕದೆ ಅವಳು ಮನೆಗೆ ಬಿದ್ದಂಬೀಳ ಓಡಿದಳು.

ತಂಗಿ ಮೆಷಿನ್ನಿಗೂ ಗೋಡೆಗೂ ನಡುವೆ ಕುಸಿದು ಬಿದ್ದಿದ್ದಳು. ಅರ್ಧ ಹೊಲಿದ ದಿಂಬಿನ ಚೀಲ ಸೂಜಿಯಿಂದ ಜೋತಾಡುತ್ತಿತ್ತು. ಮೈ ತಣ್ಣಗೆ, ತುಟಿಯ ಮೇಲೆ ಉಪ್ಪಿನ ಹರಳು. ಕರೆದರೆ ಕಣ್ಣು ಬಿಡುತ್ತಿದ್ದಳು, ಗುರುತು ಹಿಡಿಯುತ್ತಿರಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದಾಗ ತುರ್ತು ವಿಭಾಗದ ಎಳೆಯ ಡಾಕ್ಟರು ಕೇಳಿದರು, "ಮುಖ್ಯವಾಗಿ ಏನು ತೊಂದರೆ? ಒಂದು ಹೇಳಿ ಸಾಕು."

"ಒಂದಲ್ಲ!" ಎಂದು ಚೀಟಿಯಮ್ಮ ಕಿರುಚಿದಳು. "ಆರಿದೆ! ಆರೂ ಕೇಳಬೇಕು ನೀವು!"

ಕೇಳುವ ಒಬ್ಬರು ಯಾರು ಎಂದು ಅವಳಿಗೆ ಆಗ ಹೊಳೆಯಿತು. ಒಂದನೇ ಕೋಣೆಗೆ ನುಗ್ಗಿ, ಚೀಲ ಹೆಗಲಿಗೇರಿಸಿ ಮನೆಗೆ ಹೊರಟಿದ್ದ ಮುದಿ ಡಾಕ್ಟರ ತೋಳು ಹಿಡಿದು ಎಳೆದುಕೊಂಡೇ ಬಂದಳು. ಅವರು ಅವಸರ ಮಾಡಲಿಲ್ಲ, ತಡವೂ ಮಾಡಲಿಲ್ಲ. ಅವಳು ಒಂದೇ ಉಸಿರಿಗೆ ಆರನ್ನೂ ಹೇಳುತ್ತಿದ್ದರೆ ಅವರು ತಂಗಿಯ ಅಂಗೈ ತಿರುಗಿಸಿ ನೋಡಿದರು, ತುಟಿ ಎಳೆದು ವಸಡು ನೋಡಿದರು. ವಸಡಿನ ಮೇಲೂ ಕಪ್ಪು ಮಚ್ಚೆಗಳಿದ್ದವು. ಬಿಪಿ ಪಾತಾಳಕ್ಕಿಳಿದಿತ್ತು. ಉಪ್ಪು ಎಂದಾಗ ಅವರ ಕೈ ಒಂದು ಕ್ಷಣ ನಿಂತಿತು.

"ಸಲೈನ್ ಏರಿಸಿ, ಸ್ಟಿರಾಯ್ಡ್ ಇಂಜೆಕ್ಷನ್ ಈಗಲೇ ಕೊಡಿ. ಹತ್ತೊಂಬತ್ತನೇ ಕೋಣೆಯ ಹಾರ್ಮೋನ್ ಡಾಕ್ಟರನ್ನ ಕರೀರಿ, ಬೇಗ" ಎಂದರು.

ಹತ್ತೊಂಬತ್ತಕ್ಕೆ ಅವಳು ಸಕ್ಕರೆ ಕಾಯಿಲೆಯವರನ್ನೂ ಥೈರಾಯ್ಡಿನವರನ್ನೂ ಮಾತ್ರ ಕಳಿಸುತ್ತಿದ್ದಳು. ಎರಡೂ ಕಿಡ್ನಿಗಳ ತಲೆಯ ಮೇಲೆ ಟೋಪಿಯ ಹಾಗೆ ಒಂದೊಂದು ಸಣ್ಣ ಗ್ರಂಥಿ ಇರುತ್ತದೆ, ಅದು ಸೊರಗಿದರೆ ಮೈಯಲ್ಲಿ ಉಪ್ಪು ನಿಲ್ಲುವುದಿಲ್ಲ, ಬಲ ನಿಲ್ಲುವುದಿಲ್ಲ, ಚರ್ಮ ಕಪ್ಪಾಗುತ್ತದೆ ಎಂದು ಆ ಡಾಕ್ಟರು ಸಂಜೆ ಬಿಡಿಸಿ ಹೇಳಿದರು. ಜೀವನಪೂರ್ತಿ ಮಾತ್ರೆ ನುಂಗಬೇಕು, ನುಂಗಿದರೆ ಜೀವನ ಪೂರ್ತಿಯಾಗಿಯೇ ಇರುತ್ತದೆ ಎಂದರು. ಬಿಡಿಬಿಡಿಯಾಗಿ ನೋಡಿದರೆ ಯಾರಿಗೂ ಗೊತ್ತಾಗುವ ಕಾಯಿಲೆಯಲ್ಲ ಎಂದೂ ಸೇರಿಸಿದರು.

"ಉಪ್ಪಿನ ವಿಷಯ ಯಾರೂ ಹೇಳೋದೇ ಇಲ್ಲ" ಎಂದರು ಮುದಿ ಡಾಕ್ಟರು. "ನಿಮಗೆ ಹೇಗೆ ಹೊಳೀತು?"

"ಯಾರೋ ಹೇಳಿದ್ರು" ಎಂದಳು ಚೀಟಿಯಮ್ಮ.

ವಾರ ಕಳೆಯುವುದರೊಳಗೆ ತಂಗಿ ಹಾಸಿಗೆಯಲ್ಲಿ ಎದ್ದು ಕೂತಳು. ತಲೆಯಡಿಯ ದಿಂಬಿನ ಚೀಲವನ್ನು ಮಗುಚಿ ನೋಡಿ, "ಈ ಅಡ್ಡಾದಿಡ್ಡಿ ಹೊಲಿಗೆ ನಂದೇ. ಕೈಗೆ ಬಲ ಇಲ್ಲದಾಗ ಹೊಲಿದಿದ್ದು" ಎಂದಳು. ಚೀಟಿಯಮ್ಮ ನಕ್ಕಳು, ಮರುಕ್ಷಣವೇ ಬಿಕ್ಕಿ ಅತ್ತಳು. ಕೆಲಸಕ್ಕೆ ಮರಳಿದ ದಿನ ಗಾಜಿನ ಮೇಲಿನ ಬೋರ್ಡನ್ನು ಉಗುರಿನಿಂದ ಕೆರೆದು ಕಿತ್ತಳು. ಕ್ಯೂ ಹೊರಗಿನ ಬಾಗಿಲವರೆಗೂ ಬೆಳೆಯಿತು, ಮೇಲಿನವರು ಮುಖ ಗಂಟಿಕ್ಕಿದರು. ಬೆನ್ನಿನಿಂದ ಸೊಸೆಯವರೆಗೆ ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

ಅವತ್ತು ಒಂದಕ್ಕೆ ಕಾಲು ಗಂಟೆಯಿರುವಾಗ ಹೆಂಗಸು ಬಂದಳು. ಚೀಟಿಯಮ್ಮ ಅವಳಿಗಾಗಿಯೇ ಕಾದಿದ್ದಳು, ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆಂಗಸು ಬೋರ್ಡಿದ್ದ ಜಾಗವನ್ನು ನೋಡಿದಳು, ಅಲ್ಲಿ ಅಂಟಿನ ಕಲೆ ಉಳಿದಿತ್ತು.

"ನಂಗೂ ಹಾಗೇ ಬರ್ಕೊಡ್ತೀರಾ?" ಎಂದಳು. "ಎಲ್ಲಾ ಒಟ್ಟಿಗೆ?"

ಚೀಟಿಯಮ್ಮ ಬರೆದಳು. ಕಪ್ಪು, ಹೊಟ್ಟೆ, ಕತ್ತಲೆ, ಬಲ, ಮನಸ್ಸು, ಉಪ್ಪು. ಚೀಟಿಯ ಅಗಲ ಸಾಲದೆ ಅಂಚಿನಲ್ಲಿ ತಿರುಗಿಸಿ ಬರೆದಳು. ಕೊನೆಗೆ ಕೋಣೆಯ ನಂಬರು ಹಾಕಿ ಹರಿದಳು. ಕೆಳಗಿನ ನಕಲಿನಲ್ಲಿ ಎಲ್ಲ ಅಕ್ಷರಗಳೂ ನೀಲಿಯಾಗಿ ಮೂಡಿದ್ದವು. ತೂತಿನಿಂದ ಚೀಟಿ ದಾಟಿಸುವಾಗ, "ತಪ್ಪು ನಂದು ಕಣಮ್ಮಾ" ಎಂದಳು.

ಹೆಂಗಸು ಚೀಟಿಯನ್ನು ನಿಧಾನವಾಗಿ ಓದಿದಳು. ಮತ್ತೆ ಓದಿದಳು. ಆಮೇಲೆ ಮೆಟ್ಟಿಲ ಕಡೆ ನೋಡದೆ ಹಿಂದಕ್ಕೆ ತಿರುಗಿ, ಎದುರಿನ ಬಾಗಿಲನ್ನು ನೋಡುತ್ತಾ ನಿಂತಳು.

"ಐದು ದಿನ ಮೂರು ಮಹಡಿ ಹತ್ತಿ ಇಳಿದೆ" ಎಂದಳು. "ಇಷ್ಟು ಹತ್ತಿರ ಇತ್ತಾ?"

"ಹೌದು" ಎಂದಳು ಚೀಟಿಯಮ್ಮ. "ಹತ್ತೇ ಹೆಜ್ಜೆ."